ಪರೈಯಾ ಪದಕ್ಕೆ ನಾನು ಬರೆದ ಟಿಪ್ಪಣಿ

ಆ ವಸಂತದಲ್ಲಿ ನನ್ನ ಪಾಲಿಗೆ ಬಂದದ್ದು ಇಂಗ್ಲಿಷಿನ ಪಿ ಅಕ್ಷರದ ಪದಗಳು. ಹೂಫ್‌ಡಾರ್ಪಿನ ಒಂದು ಆಫೀಸ್ ಪಾರ್ಕಿನಲ್ಲಿ, ಶಾಲಾ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಬರೆಯುವ ಕೆಲಸಕ್ಕಿದ್ದೆ. ನೆದರ್ಲೆಂಡ್ಸಿನ ಕೆಲವು ಪ್ರೌಢಶಾಲೆಗಳಲ್ಲಿ ಅರ್ಧ ಪಾಠ ಡಚ್ಚಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆ ಮಕ್ಕಳಿಗಾಗಿ ನಾವು ಕಾರ್ಡು ತಯಾರಿಸುತ್ತಿದ್ದೆವು. ಒಂದು ಕಾರ್ಡಿಗೆ ಒಂದು ಕಠಿಣ ಪದ. ಮುಂಬದಿಯಲ್ಲಿ ಪದ ಮತ್ತು ಅರ್ಥ. ಹಿಂಬದಿಯಲ್ಲಿ ಅದು ಎಲ್ಲಿಂದ ಬಂತು, ಇವತ್ತು ಅದನ್ನು ಆಡಿದರೆ ಕೇಳಿದವರ ಮನಸ್ಸಿನಲ್ಲಿ ಏನು ಏಳುತ್ತದೆ ಎಂಬ ಟಿಪ್ಪಣಿ. ಹಿಂಬದಿ ನನ್ನದು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇರುತ್ತಿತ್ತು.

ಈ ಕೆಲಸ ಕೊಡಿಸಿದ್ದು ಅಕ್ಕ. ಒಡಹುಟ್ಟಿದವರಲ್ಲ. ಮೈಸೂರಿನವರು, ನನಗಿಂತ ಹಿರಿಯರು, ಕಂಪನಿಯ ಬರವಣಿಗೆ ವಿಭಾಗಕ್ಕೆ ಮುಖ್ಯಸ್ಥೆ. ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನಾನು ಗಂಡನ ನೌಕರಿಗೆಂದು ಹಾರ್ಲೆಮಿಗೆ ಬಂದು ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಕನ್ನಡದವರ ಹಬ್ಬದೂಟದಲ್ಲಿ ಪಕ್ಕದಲ್ಲಿ ಕೂತ ಇವರು ನನ್ನ ಓದು ಕೇಳಿ, ಊಟ ಮುಗಿಯುವಷ್ಟರಲ್ಲಿ ಕೆಲಸದ ಮಾತಾಡಿದ್ದರು. ಅವತ್ತಿನಿಂದ ಆಫೀಸಿನಲ್ಲೂ ನನಗೆ ಅವರು ಅಕ್ಕನೇ. ಮಧ್ಯಾಹ್ನ ಚೀಸ್ ಹಾಕಿದ ಬ್ರೆಡ್ಡಿನ ಮೇಲೆ ನಾನು ತಂದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ಇಬ್ಬರೂ ತಿನ್ನುತ್ತಿದ್ದೆವು.

ಕೆಲಸವನ್ನು ಕಲಿಸಿದವರೂ ಅವರೇ. ಮೊದಲು ದೊಡ್ಡ ನಿಘಂಟುಗಳಲ್ಲಿ ಪದದ ಹಳೆಯ ಬಳಕೆ ನೋಡಬೇಕು. ಒಂದು ನಿಘಂಟು ಹೇಳಿದ್ದನ್ನು ಇನ್ನೊಂದು ತಾನೇ ಹುಡುಕಿ ಹೇಳುತ್ತಿದೆಯೋ, ಬರೀ ನಕಲು ಮಾಡಿದೆಯೋ ತಾಳೆ ನೋಡಬೇಕು. ಆಮೇಲೆ ಪತ್ರಿಕೆಗಳಿಂದ ಆ ಪದವಿರುವ ವಾಕ್ಯಗಳನ್ನು ಹೆಕ್ಕಿ, ಯಾರು ಯಾರ ಬಗ್ಗೆ ಅದನ್ನು ಬಳಸಿದ್ದಾರೆ ಎಂದು ಗುಂಪು ಮಾಡಬೇಕು. ಪದ ಹೊಗಳುತ್ತದೆಯೋ ಚುಚ್ಚುತ್ತದೆಯೋ ಅಲ್ಲಿ ತಿಳಿಯುತ್ತದೆ. ಇಗ್ರೀಜಿಯಸ್ ಎಂಬುದು ಲ್ಯಾಟಿನ್ನಿನಲ್ಲಿ 'ಹಿಂಡಿನಿಂದ ಎದ್ದು ಕಾಣುವ' ಎಂಬ ಹೊಗಳಿಕೆ. ಇವತ್ತು ಅದನ್ನು ಘೋರ ತಪ್ಪಿಗೆ ಮಾತ್ರ ಅನ್ನುತ್ತಾರೆ. ಮೆಟಿಕ್ಯುಲಸ್ ಎಂದರೆ ಮೂಲದಲ್ಲಿ ಅಂಜುಬುರುಕ. ಇವತ್ತು ಅಚ್ಚುಕಟ್ಟಾಗಿ ಕೆಲಸ ಮಾಡುವವರಿಗೆ ಸಿಗುವ ಶಹಬ್ಬಾಸ್‌ಗಿರಿ.

ಸಿನ್ಸಿಯರ್ ಪದದ ಬಗ್ಗೆ ಒಂದು ಕಥೆ ಎಲ್ಲೆಡೆ ಸಿಗುತ್ತದೆ. ಮೋಸದ ಶಿಲ್ಪಿಗಳು ಕಲ್ಲಿನ ಬಿರುಕಿಗೆ ಮೇಣ ತುಂಬುತ್ತಿದ್ದರಂತೆ, 'ಮೇಣವಿಲ್ಲದ್ದು' ಎಂಬ ಮಾತಿನಿಂದ ಈ ಪದ ಬಂತಂತೆ. ಮೊದಲ ವಾರ ನಾನು ಅದನ್ನೇ ಬರೆದುಕೊಟ್ಟೆ. ಅಕ್ಕ ಓದಿ ನಕ್ಕರು.

"ಇದಕ್ಕೆ ಆಧಾರ ಎಲ್ಲಿದೆ ತೋರಿಸು ನೋಡೋಣ. ಕಥೆ ಜಾಸ್ತಿ ಚೆನ್ನಾಗಿದ್ರೆ ಮೊದಲು ಅನುಮಾನ ಪಡಬೇಕು ಕಣೆ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಾನೇ ಬರಿ. ಮಕ್ಕಳು ನಂಬ್ತಾವೆ."

ಬರೆದವರಿಗೆ ತೋರಿಸದೆ ಒಂದು ಅಲ್ಪವಿರಾಮವನ್ನೂ ಬದಲಿಸಬಾರದು ಎಂಬ ನಿಯಮವನ್ನು ಕಂಪನಿಯಲ್ಲಿ ತಂದವರೂ ಅವರೇ. ಆದ್ದರಿಂದಲೇ ಕಾರ್ಡಿನ ಮೇಲೆ ಹೆಸರು ಹಾಕಲು ನಾನು ಒಪ್ಪಿದ್ದೆ.

ಪಿ ಅಕ್ಷರದಲ್ಲಿ ಪರೈಯಾ ಇತ್ತು. ಎಲ್ಲರೂ ದೂರವಿಟ್ಟ ವ್ಯಕ್ತಿ, ದೂರವಿಟ್ಟ ದೇಶ. ಡಚ್ಚಿನಲ್ಲೂ ಇದೇ ಪದ ಸ್ವಲ್ಪ ಬೇರೆ ಉಚ್ಚಾರದಲ್ಲಿ ಓಡಾಡುತ್ತದೆ. ನಿಘಂಟುಗಳೆಲ್ಲ ಒಂದೇ ದಾರಿ ತೋರಿಸಿದವು. ತಮಿಳಿನಲ್ಲಿ ಪರೈ ಎಂದರೆ ಚರ್ಮವಾದ್ಯ, ಅದನ್ನು ಬಾರಿಸುತ್ತಿದ್ದ ಜನ ಪರೈಯರ್. ಯುರೋಪಿನಿಂದ ಬಂದ ವ್ಯಾಪಾರಿಗಳು ಆ ಒಂದು ಸಮುದಾಯದ ಹೆಸರನ್ನು ಜಾತಿಯಲ್ಲಿ ಕೆಳಗಿಟ್ಟ ಎಲ್ಲರಿಗೂ ಅಂಟಿಸಿದರು. ಆಮೇಲೆ ಬೀದಿ ನಾಯಿಗೂ ಅದೇ ಹೆಸರಾಯಿತು. ಕೊನೆಗೆ ಜನ ಮರೆತುಹೋಗಿ ಬೈಗುಳ ಉಳಿಯಿತು. ನಾನು ಹೆಕ್ಕಿದ ಪತ್ರಿಕೆಯ ವಾಕ್ಯಗಳಲ್ಲಿ ದೇಶಗಳಿದ್ದವು, ಬ್ಯಾಂಕುಗಳಿದ್ದವು, ತಂಡದಿಂದ ಹೊರಬಿದ್ದ ಆಟಗಾರರಿದ್ದರು. ಆ ಹೆಸರಿನ ಜನ ಒಂದರಲ್ಲೂ ಇರಲಿಲ್ಲ.

ವಾದ್ಯದ ಬಗ್ಗೆ ಒಂದೆರಡು ಮಾತು ಖಚಿತವಾಗಬೇಕಿತ್ತು. ತಮಿಳು ಬಲ್ಲವರು ಎಂದರೆ ನನಗೆ ನೆನಪಾದದ್ದು ಬಸ್ಸಿನ ಗೆಳತಿ. ಕೆ.ಜಿ.ಎಫ್.ನವರು, ಸ್ಕಿಪೋಲ್ ವಿಮಾನ ನಿಲ್ದಾಣದ ಕಡೆಯ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ. ಹಾರ್ಲೆಮಿನಿಂದ ಬೆಳಿಗ್ಗೆ ಇಬ್ಬರೂ ಒಂದೇ ಕೆಂಪು ಬಸ್ಸು ಹತ್ತುತ್ತಿದ್ದೆವು. ಅವರ ಮಗಳು ಹಾರ್ಲೆಮಿನಲ್ಲೇ ಅಂಥ ಎರಡು ಭಾಷೆಯ ಶಾಲೆಯಲ್ಲಿ ಓದುತ್ತಿದ್ದಳು.

"ಪರೈ ಅಂದ್ರ ನಿಮಗೆ ಗೊತ್ತೈತೇನ್ರಿ?" ಎಂದು ಕೇಳಿದೆ. ಯಾಕೆ ಕೇಳುತ್ತಿದ್ದೇನೆ ಎಂದೂ ಹೇಳಿದೆ.

ಅವರು ಕಿಟಕಿಯ ಕಡೆ ತಿರುಗಿದರು. ಇಳಿಯುವಾಗ, "ಶನಿವಾರ ಮನೆಗೆ ಬನ್ನಿ, ಹೇಳ್ತೀನಿ" ಎಂದರು.

ಶನಿವಾರ ಹೋದೆ. ಮಗಳು ಮೇಲಿನ ಕೋಣೆಯಲ್ಲಿದ್ದಳು. ಅವರು ಮೆಟ್ಟಿಲ ಕಡೆಯ ಬಾಗಿಲು ಹಾಕಿ ಬಂದು ಕೂತರು.

"ಅದು ನಮ್ಮ ಜನದ ಹೆಸರು ಕಣ್ರೀ. ನಮ್ ತಾತ ಗಣಿಗೆ ಇಳೀತಿದ್ರು. ಭಾನುವಾರ ಬಂದ್ರೆ ಕಾಲೋನಿಲಿ ಪರೈ ಬಾರಿಸೋರು. ಬೆಂಕಿ ಹತ್ರ ಹಿಡಿದು ಚರ್ಮ ಬಿಸಿ ಮಾಡೋರು, ಶಬ್ದ ಏರ್ಲಿ ಅಂತ. ಮದುವೇಲಿ, ಹಬ್ಬದಲ್ಲಿ, ನಮ್ಮತ್ತೆ ಮಗ ಫುಟ್ಬಾಲ್ ಗೆದ್ದು ಬಂದಾಗ್ಲೂ. ಎಲ್ಲಾ ಕಡೆ ಹೆಣದ ಮುಂದೆ ಬಡಿಯೋ ಡೋಲು ಅಂತ ಮಾತ್ರ ಬರೀತಾರೆ. ನೀವು ಹಾಗೆ ಬರೀಬೇಡಿ."

"ಇಲ್ರಿ, ಬರ್ಯಂಗಿಲ್ಲ."

"ಇನ್ನೊಂದು. ಒಂದಾನೊಂದು ಕಾಲದಲ್ಲಿ ಇದ್ರು ಅನ್ನೋ ಥರ ಬರೀಬೇಡಿ. ಈಗ್ಲೂ ಇದೀವಿ. ನಾನು ಇಲ್ಲಿ ನಿಮಗೆ ಕಾಫಿ ಕೊಡ್ತಾ ಇದೀನಿ."

ಇಲ್ಲಿನ ಕನ್ನಡದವರಲ್ಲಿ ಯಾರಿಗೂ ಇದನ್ನು ಹೇಳಿಲ್ಲ ಎಂದರು. ಮಗಳಿಗೂ ಇನ್ನೂ ಹೇಳಿರಲಿಲ್ಲ, ದೊಡ್ಡವಳಾಗಲಿ ಎಂದು ಕಾಯುತ್ತಿದ್ದರು. ನನ್ನ ಜಾತಿಯನ್ನು ಇಲ್ಲಿ ಯಾರೂ ಕೇಳಿದ್ದಿಲ್ಲ. ನನ್ನ ಅಡ್ಡಹೆಸರು ಕೇಳಿದರೆ ಸಾಕು, ಮುಂದಿನ ಪ್ರಶ್ನೆ ಬೇಕಾಗುವುದಿಲ್ಲ. ಅವರಿಗೆ ಮಾತ್ರ ಪ್ರತಿ ಹಬ್ಬದೂಟದಲ್ಲೂ 'ಕೆ.ಜಿ.ಎಫ್. ಅಂದ್ರೆ ಯಾವ ಕಡೆಯೋರು' ಎಂಬ ಪ್ರಶ್ನೆ ಕಾದಿರುತ್ತಿತ್ತು. ಪ್ರತಿ ಸಲವೂ ನಗುತ್ತಾ ಏನೋ ಹೇಳಿ ಜಾರಿಕೊಳ್ಳುತ್ತಿದ್ದುದನ್ನು ಅವತ್ತು ನನಗೆ ಹೇಳಿದರು.

ಟಿಪ್ಪಣಿ ಬರೆಯಲು ನನಗೆ ಒಂದು ವಾರ ಹಿಡಿಯಿತು. ಕಾರ್ಡಿನಲ್ಲಿ ಜಾಗ ಕಡಿಮೆ. ಕೊನೆಗೆ ಉಳಿದದ್ದು ಇಷ್ಟು: ಇದು ತಮಿಳು ಮಾತಾಡುವ ಒಂದು ಸಮುದಾಯದ ಹೆಸರು, ಅವರು ಬಾರಿಸುವ ವಾದ್ಯದಿಂದ ಬಂದದ್ದು. ಆ ಸಮುದಾಯ ಇವತ್ತೂ ಇದೆ, ಆ ವಾದ್ಯ ಇವತ್ತೂ ಮದುವೆಗಳಲ್ಲಿ ಕೇಳುತ್ತದೆ. ಅವರನ್ನು ದೂರವಿಟ್ಟವರ ತಪ್ಪು ಈ ಪದದಲ್ಲಿ ಆ ಸಮುದಾಯದ್ದೇ ಗುಣವಾಗಿ ಕೂತಿದೆ. ಬಳಸುವ ಮುನ್ನ ನಿಮ್ಮ ಪಕ್ಕದಲ್ಲಿ ಕೂತವರ ಹೆಸರು ಇದಾಗಿರಬಹುದು ಎಂದು ನೆನೆಯಿರಿ.

ಬಸ್ಸಿನಲ್ಲಿ ಅವರಿಗೆ ಓದಿ ಹೇಳಿದೆ. ಅವರು ಇನ್ನೊಂದು ಸಲ ಓದಿಸಿಕೊಂಡು, "ಇದು ಸರಿ ಇದೆ" ಎಂದರು.

ಅಕ್ಕನಿಗೆ ಕಳಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ತುಂಬಾ ಚೆನ್ನಾಗಿ ಬಂದಿದೆ, ಸ್ವಲ್ಪ ಉದ್ದ ಆಯ್ತೇನೋ ನೋಡ್ತೀನಿ" ಎಂದರು. ಮೊಟಕು ಮಾಡಬೇಕಾದರೆ ನನಗೆ ತೋರಿಸುತ್ತಾರೆ ಎಂದುಕೊಂಡು ನಾನು ಮುಂದಿನ ಅಕ್ಷರಕ್ಕೆ ಹೋದೆ.

ಬೇಸಿಗೆ ರಜೆಗೆ ಮುಂಚೆ ಕಾರ್ಡುಗಳು ಅಚ್ಚಾಗಿ ಕೆಲವು ಶಾಲೆಗಳಿಗೆ ಪ್ರಯೋಗಕ್ಕೆಂದು ಹೋದವು. ಅದಾದ ಮೇಲೆ ಗೆಳತಿ ಬಸ್ಸಿನಲ್ಲಿ ಕಾಣಿಸಲಿಲ್ಲ. ಮೆಸೇಜಿಗೂ ಉತ್ತರವಿಲ್ಲ. ಊರಿಗೆ ಹೋಗಿರಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ನಿಲ್ದಾಣದಲ್ಲಿ ನಿಂತಿದ್ದರು. ನನ್ನನ್ನು ಕಂಡು ಫೋನ್ ತೆಗೆದು ಒಂದು ಚಿತ್ರ ತೋರಿಸಿದರು. ನಮ್ಮ ಕಾರ್ಡಿನ ಹಿಂಬದಿ.

'ಭಾರತದ ಪ್ರಾಚೀನ ಸಮಾಜದಲ್ಲಿ ಮುಟ್ಟಬಾರದವನೆಂದು ಎಣಿಸಲಾದ ಅತಿ ಕೆಳಜಾತಿಯವನು. ಹೆಣದ ಮುಂದೆ ಡೋಲು ಬಡಿಯುವವನು ಎಂಬ ತಮಿಳು ಮೂಲದಿಂದ. ಯಾರಿಗೂ ಬೇಡವಾದವರನ್ನು ಬಣ್ಣಿಸಲು ಬಹಳ ಶಕ್ತಿಯುತ ಪದ.' ಅದರ ಕೆಳಗೆ ನನ್ನ ಹೆಸರು.

"ಕ್ಲಾಸಲ್ಲಿ ಈ ಪದ ಹಾಕಿ ಒಂದೊಂದು ವಾಕ್ಯ ಮಾಡ್ಸಿದ್ರಂತೆ," ಎಂದರು. ದನಿ ಏರಿರಲಿಲ್ಲ. "ಒಬ್ಬ ಹುಡುಗ ನಮ್ ಮಗಳನ್ನ ನೋಡಿ, ನೀನು ಇಂಡಿಯಾದವಳಲ್ವಾ, ನಿಮ್ಮ ಭಾಷೆ ತಮಿಳಲ್ವಾ ಅಂದನಂತೆ. ಮನೆಗೆ ಬಂದು ನನ್ನ ಕೇಳಿದ್ಲು. ಅಮ್ಮಾ, ವಾಟ್ ಆರ್ ವೀ, ಅಂತ. ಅವಳಿಗೆ ನಾನು ಹೇಳಬೇಕಿದ್ದ ಮಾತು ಅದು. ನಾನು ಹೇಳೋ ಥರ ಹೇಳಬೇಕಿತ್ತು."

"ಇದು ನಾ ಬರದದ್ದಲ್ರಿ. ನಿಮಗ ಓದಿ ತೋರಿಸಿದ್ದೆನಲ್ಲ, ಅದನ್ನೇ ಕೊಟ್ಟಿದ್ದೆ."

"ನಿಮ್ಮ ಹೆಸರಿದೆ."

ಬಸ್ಸು ಬಂತು. ಅವರು ಮುಂದಿನ ಬಾಗಿಲಲ್ಲಿ ಹತ್ತಿ ಡ್ರೈವರನ ಹಿಂದೆ ನಿಂತರು. ನಾನು ಹಿಂದೆ ಕೂತೆ. ಹೆಣದ ಮುಂದಿನ ಡೋಲು ಎಂಬ ಮಾತು ನನ್ನ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಯಾರೋ ಅದನ್ನು ಬೇರೆ ಕಡೆಯಿಂದ ತಂದು ಸೇರಿಸಿದ್ದರು. ಹೂಫ್‌ಡಾರ್ಪ್ ಬರುವವರೆಗೂ ಆ 'ಯಾರೋ' ಅಕ್ಕ ಆಗಿರಲಿಕ್ಕಿಲ್ಲ ಎಂದೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ.

ಅಕ್ಕ ಮುಚ್ಚಿಡಲಿಲ್ಲ. ಗಾಜಿನ ಕೋಣೆಗೆ ಕರೆದು, ಬಾಗಿಲು ಹಾಕಿ, ಸಮಾಧಾನವಾಗಿ ಹೇಳಿದರು.

"ನಾನೇ ಬದಲಾಯಿಸಿದ್ದು. ಅರ್ಜೆಂಟ್ ಇತ್ತು. ಡಿಕ್ಷನರಿಲಿ ಇರೋದೇ ತಾನೇ?"

"ಡಿಕ್ಷನರಿಯೊಳಗ ಪ್ರಾಚೀನ ಅಂತ ಇಲ್ಲ ಅಕ್ಕಾ. ಈಗೂ ಇದ್ದಾರ ಅಂತ ನಾ ಬರದದ್ದನ್ನ ತಗದು, ಪ್ರಾಚೀನ ಅಂತ ಹಾಕೀರಿ. ಯಾಕ?"

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನೋಡು, ಇಲ್ಲಿನೋರಿಗೆ ನಮ್ಮ ಬಗ್ಗೆ ಮೊದಲೇ ಒಂದು ಅಭಿಪ್ರಾಯ ಇದೆ. ಇಂಡಿಯಾ ಅಂದ ತಕ್ಷಣ ಜಾತಿ, ಜಾತಿ ಅಂತಾರೆ. ಹಿಂದೆ ಇತ್ತು ಅಂದ್ರೆ ಮುಗೀತು. ಈಗ್ಲೂ ಇದೆ ಅಂತ ನಾವೇ ಬರ್ದು ಅವರ ಕೈಗೆ ಕೊಡಬೇಕಾ? ನಮ್ಮ ಮಕ್ಕಳೂ ಅದೇ ಶಾಲೆಗೆ ಹೋಗ್ತವೆ."

"ಒಂದು ಮಗಳು ಹೋಗ್ತಾಳ. ಆಕಿಗೆ ನೋವಾಗೇದ."

ಇಷ್ಟು ಹೇಳಿದ್ದಕ್ಕೇ ಅವರ ಕಣ್ಣು ಚುರುಕಾಯಿತು. "ಓ. ಆ ಕೆ.ಜಿ.ಎಫ್. ಅವರಾ? ನನಗೆ ಆವಾಗ್ಲೇ ಅನ್ನಿಸಿತ್ತು."

ನಾನು ಬಾಯಿ ತೆರೆಯಲಿಲ್ಲ. ಹೌದು ಎನ್ನುವುದು ನನ್ನ ಹಕ್ಕಲ್ಲ. ಇಲ್ಲ ಎಂದರೆ ಅದೂ ಒಂದು ಬಗೆಯ ಅವಮಾನ ಅನ್ನಿಸಿತು. ಅಕ್ಕ ನನ್ನ ತೋಳು ತಟ್ಟಿ, "ಬಿಡು, ನಾನು ನೋಡ್ಕೋತೀನಿ. ನೀನೇನೂ ಮಾಡಕ್ಕೆ ಹೋಗ್ಬೇಡ" ಎಂದರು.

ಅವರು ನೋಡಿಕೊಂಡ ಬಗೆ ನನಗೆ ತಿಳಿದದ್ದು ಆ ವಾರದ ಕೊನೆಗೆ. ಗೆಳತಿಯೇ ಫೋನ್ ಮಾಡಿದರು.

"ನಿಮ್ಮ ಅಕ್ಕ ಫೋನ್ ಮಾಡಿದ್ರು. ನಿಮ್ಮ ಪರವಾಗಿ ಸಾರಿ ಕೇಳಿದ್ರು. ಹುಡುಗಿ ಹೊಸಬಳು, ಇಂಥ ವಿಷಯ ಎಲ್ಲಾ ಗೊತ್ತಾಗಲ್ಲ, ಏನೋ ಬರೆದುಬಿಟ್ಟಿದಾಳೆ, ನೀವು ಮನಸ್ಸಿಗೆ ಹಚ್ಕೋಬೇಡಿ ಅಂದ್ರು. ನಮಗೆ ನಿಮ್ಮೋರ ಬಗ್ಗೆ ತುಂಬಾ ಗೌರವ ಇದೆ ಅಂದ್ರು. ನಿಮ್ಮೋರು ಅಂತ. ನಾನ್ಯಾರು ಅಂತ ಅವರಿಗೆ ಹೇಳಿದ್ದು ಯಾರು?"

"ನಾ ಹೇಳಿಲ್ರಿ. ಖರೇ ಹೇಳ್ತೀನಿ. ಅವರೇ ಊಹಿಸಿದ್ರು."

"ಪರವಾಗಿಲ್ಲ ಬಿಡಿ ಅಂತ ಹೇಳಿ ಫೋನ್ ಇಟ್ಟೆ. ಇನ್ನೇನು ಹೇಳ್ಲಿ ಅವರಿಗೆ." ಆಮೇಲೆ ನನ್ನ ಫೋನನ್ನೂ ಇಟ್ಟರು.

ಅವತ್ತು ಗಂಡನಿಗೆ ಎಲ್ಲ ಹೇಳಿದೆ. "ನಿನ್ನ ಹೆಸರು ತಗೀರಿ ಅಂತ ಬರದು ಕೊಡು, ಮುಗೀತು. ಜಗಳ ಬ್ಯಾಡ. ನಾಳೆ ಇದೇ ಮಂದಿ ಜೋಡಿ ಊಟಕ್ಕ ಕೂಡಬೇಕು" ಎಂದರು. ಅವರ ಮಾತು ತಪ್ಪೆನಿಸಲಿಲ್ಲ. ನಾನೂ ಹಾಗೇ ನಿರ್ಧರಿಸಿದೆ. ಹೆಸರು ತೆಗೆಸಿ, ಕರಾರು ಮುಗಿಯುವವರೆಗೆ ತಲೆ ತಗ್ಗಿಸಿ ಕೆಲಸ ಮಾಡುವುದು.

ಪ್ರಯೋಗದಲ್ಲಿದ್ದ ಶಾಲೆಗಳ ಶಿಕ್ಷಕರ ಸಭೆ ನಮ್ಮ ಆಫೀಸಿನಲ್ಲೇ ಇತ್ತು. ಗೆಳತಿಯ ಮಗಳ ಇಂಗ್ಲಿಷ್ ಶಿಕ್ಷಕಿ ಬಂದಿದ್ದರು. ಎತ್ತರದ ಡಚ್ ಹೆಂಗಸು, ನೆನೆದ ಮಳೆಕೋಟನ್ನು ಕುರ್ಚಿಗೆ ನೇತುಹಾಕಿ ಕೂತಿದ್ದರು. ಕಂಪನಿಯ ಮುಖ್ಯಸ್ಥನೂ ಇದ್ದ. ಅಕ್ಕ ಪರದೆಯ ಮೇಲೆ ಕಾರ್ಡುಗಳನ್ನು ತೋರಿಸುತ್ತ ಒಂದೊಂದೇ ಅಭಿಪ್ರಾಯ ಬರೆದುಕೊಳ್ಳುತ್ತಿದ್ದರು. ಪರೈಯಾ ಬಂದಾಗ ಆ ಶಿಕ್ಷಕಿ ಕೈ ಎತ್ತಿದರು. ತಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಇದರಿಂದ ಮುಜುಗರವಾಯಿತು, ಈ ಟಿಪ್ಪಣಿ ಸರಿಯಿದೆಯೇ ಎಂದು ಕೇಳಿದರು.

ಅಕ್ಕ ಇಂಗ್ಲಿಷಿನಲ್ಲಿ ಬಹಳ ನಯವಾಗಿ ಉತ್ತರಿಸಿದರು. ನಮ್ಮ ಬರಹಗಾರ್ತಿ ಹೊಸಬರು, ಮಾತಿನಲ್ಲಿ ಸ್ವಲ್ಪ ಎಡವಿದ್ದಾರೆ. ಆದರೆ ನಾನೇ ಖುದ್ದಾಗಿ ಆ ಸಮುದಾಯದ ಒಬ್ಬರ ಜೊತೆ ಮಾತಾಡಿದ್ದೇನೆ. ಅವರು ಇದಕ್ಕೆ ಫೈನ್ ಎಂದಿದ್ದಾರೆ.

ಫೈನ್. ನಾನು ಎದ್ದು ನಿಂತದ್ದು ಆ ಪದಕ್ಕೆ. ಎಡವಿದವಳು ನಾನು ಎಂದದ್ದನ್ನು ನುಂಗಿಕೊಂಡಿದ್ದೆ. ಆದರೆ ಫೋನಿನಲ್ಲಿ ಬಾಗಿಲು ಮುಚ್ಚಲೆಂದು ಒಬ್ಬರು ಹೇಳಿದ 'ಪರವಾಗಿಲ್ಲ ಬಿಡಿ' ಎಂಬ ಮಾತನ್ನು ಇವರು ಒಪ್ಪಿಗೆಯಾಗಿ ಭಾಷಾಂತರಿಸಿ ಮೇಜಿನ ಮೇಲಿಟ್ಟಿದ್ದರು. ಪದಕ್ಕೆ ಏನರ್ಥ, ಆಡಿದವರ ಬಾಯಲ್ಲಿ ಅದಕ್ಕೆ ಏನು ಭಾವ ಎಂದು ಬೇರೆ ಮಾಡಿ ನೋಡಲು ನನಗೆ ಕಲಿಸಿದವರು ಅವರೇ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. "ಈ ಟಿಪ್ಪಣಿ ನನ್ನದಲ್ಲ. ನಾನು ಬರೆದದ್ದನ್ನು ನನಗೆ ತೋರಿಸದೆ ಬದಲಿಸಲಾಗಿದೆ. ಆ ವ್ಯಕ್ತಿ ಕನ್ನಡದಲ್ಲಿ ಹೇಳಿದ ಮಾತು ಫೈನ್ ಅಲ್ಲ. ಇನ್ನು ನಿಮ್ಮ ಜೊತೆ ಮಾತಾಡಿ ಪ್ರಯೋಜನವಿಲ್ಲ ಅನ್ನಿಸಿದಾಗ ನಾವು ಆಡುವ ಮಾತು ಅದು. ಅದನ್ನು ಒಪ್ಪಿಗೆ ಎಂದು ಬಳಸಬೇಡಿ." ಆಮೇಲೆ ನಾನು ಬರೆದಿದ್ದ ಟಿಪ್ಪಣಿಯನ್ನು ನೆನಪಿನಿಂದಲೇ ಹೇಳಿದೆ.

ಮುಖ್ಯಸ್ಥ ಅಕ್ಕನನ್ನು ಕೇಳಿದ, "ಇದು ನಿಜವೇ?"

"ಸಂಪಾದಕರ ಕೆಲಸ ತಿದ್ದುವುದು," ಎಂದರು ಅಕ್ಕ. "ಮತ್ತು ಇವರು ಹೇಳುತ್ತಿರುವ ಆ ಸಂಭಾಷಣೆಯಲ್ಲಿ ಇವರು ಇರಲೇ ಇಲ್ಲ."

ಮುಖ್ಯಸ್ಥ ನನ್ನ ಕಡೆ ತಿರುಗಿದ. "ಹಾಗಾದರೆ ನಿಮಗೆ ಹೇಗೆ ಗೊತ್ತು? ಯಾರು ಹೇಳಿದರು?"

ಒಂದು ಹೆಸರು ಹೇಳಿದ್ದರೆ ನನ್ನ ಮಾತಿಗೆ ಬಲ ಬರುತ್ತಿತ್ತು. ಶಿಕ್ಷಕಿ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಹುಡುಗಿ ಗೊತ್ತು, ತಾಯಿ ಯಾರೆಂದು ಒಂದು ಗಳಿಗೆಯಲ್ಲಿ ಹೊಳೆಯುತ್ತದೆ. "ಅದನ್ನು ನಾನು ಹೇಳುವುದಿಲ್ಲ," ಎಂದೆ.

ಮುಖ್ಯಸ್ಥ ಭುಜ ಕುಣಿಸಿದ. ಅವನಿಗೆ ಇದು ಇಬ್ಬರು ಭಾರತೀಯ ಹೆಂಗಸರ ಒಳಜಗಳದಂತೆ ಕಂಡಿರಬೇಕು. ಜಗಳವಿರುವ ಪದವೇ ಬೇಡ, ತೆಗೆದುಬಿಡಿ ಎಂದ. ಪಿ ಅಕ್ಷರದಲ್ಲಿ ಬೇರೆ ಪದಗಳು ಬೇಕಾದಷ್ಟಿವೆ. ಅಕ್ಕ ಪರದೆಯ ಮೇಲೆ ಆ ಕಾರ್ಡನ್ನು ಅಳಿಸಿ ಮುಂದಿನದಕ್ಕೆ ಹೋದರು.

ಸಭೆ ಮುಗಿದ ಮೇಲೆ ಶಿಕ್ಷಕಿ ಕೋಟು ಹಾಕಿಕೊಳ್ಳುತ್ತ ನನ್ನ ಬಳಿ ಬಂದು, ಆ ಟಿಪ್ಪಣಿಯನ್ನು ತಮಗೆ ಕಳಿಸಲು ಸಾಧ್ಯವೇ ಎಂದು ಕೇಳಿದರು. ಅವತ್ತೇ ಕಳಿಸಿದೆ.

ಅಕ್ಕ ಲಿಫ್ಟಿನ ಹತ್ತಿರ ನಿಂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಅದು ನಿಜಕ್ಕೂ ಆಶ್ಚರ್ಯವಾಯಿತು.

"ಎಲ್ಲರ ಮುಂದೆ ಹೀಗೆ ಮಾಡಬಾರದಿತ್ತು ನೀನು. ನಿನ್ನ ನಾನು ಮನೆಯೋಳು ಅಂದ್ಕೊಂಡಿದ್ದೆ. ಕೆಲಸ ಕೊಡ್ಸಿದೆ, ಕಲಿಸಿದೆ. ನನ್ನ ಹತ್ರ ಬಂದು ಹೇಳಬಹುದಿತ್ತಲ್ಲ?"

"ಬಂದು ಹೇಳಿದ್ದೆ ಅಕ್ಕಾ."

ಲಿಫ್ಟು ಬಂತು. ಅವರು ಹೋದರು. ನಾನು ಮೆಟ್ಟಿಲಿಳಿದು ಹೋದೆ.

ಎಲ್ಲ ಕಾರ್ಡುಗಳಿಂದಲೂ ನನ್ನ ಹೆಸರು ತೆಗೆಯಿರಿ ಎಂದು ಮರುದಿನ ಬರೆದುಕೊಟ್ಟೆ. ಒಂದರಲ್ಲಿ ಹೀಗಾಗಿದ್ದರೆ ಇನ್ನೆಷ್ಟರಲ್ಲಿ ಆಗಿದೆಯೋ ಎಂಬ ಅನುಮಾನ ಬಂದ ಮೇಲೆ ನಾನೇ ಬರೆದ ಸಾಲುಗಳೂ ನನ್ನವಾಗಿ ಉಳಿಯಲಿಲ್ಲ. ಅವರು ತಕರಾರಿಲ್ಲದೆ ತೆಗೆದರು. ವರ್ಷದ ಕೊನೆಗೆ ನನ್ನ ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಕನ್ನಡದವರ ಗುಂಪಿನಲ್ಲಿ ನನ್ನ ಬಗ್ಗೆ ಏನು ಮಾತಾಯಿತೋ ಗೊತ್ತಿಲ್ಲ. ಮುಂದಿನ ಹಬ್ಬದೂಟಕ್ಕೆ ಕರೆ ಬಂತು. ಹೋದಾಗ ಅಕ್ಕ ನಕ್ಕು ಮಾತಾಡಿಸಿದರು, ನನ್ನ ತಟ್ಟೆಗೆ ಹೋಳಿಗೆ ಬಡಿಸಿದರು. ಗೆಳತಿ ಬಂದಿರಲಿಲ್ಲ. ಆ ಜಾಗದಲ್ಲಿ ಅವರನ್ನು ಮತ್ತೆ ನಾನು ನೋಡಿಲ್ಲ.

ಈಗ ಹಾರ್ಲೆಮಿನಲ್ಲೇ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬೆಳಗಿನ ಬಸ್ಸಿನ ಅಗತ್ಯ ಅಪರೂಪ. ಕಳೆದ ಚಳಿಗಾಲ ಸ್ಕಿಪೋಲ್ ಕಡೆ ಏನೋ ಕೆಲಸವಿದ್ದು ಹತ್ತಿದಾಗ ಅವರು ಕಿಟಕಿಯ ಪಕ್ಕ ಕೂತಿದ್ದರು. ಪಕ್ಕದ ಸೀಟಿನ ಮೇಲಿದ್ದ ಚೀಲವನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕೂತೆ.

"ಪದ ತೆಗೆದ್ರಂತೆ," ಎಂದರು. "ತೆಗೆಯೋದು ಸುಲಭ."

"ಹೌದ್ರಿ."

"ಟೀಚರು ನಿಮ್ಮ ಟಿಪ್ಪಣಿ ಕ್ಲಾಸಲ್ಲಿ ಓದಿದ್ರಂತೆ. ಮಗಳು ಮನೆಗೆ ತಂದಿದ್ಲು. ನೋಡಿದೆ. ನನಗೆ ಓದಿ ಹೇಳಿದ್ದೇ ಇದೆ, ಒಂದು ಅಕ್ಷರ ಬದಲಾಗಿಲ್ಲ. ಅವಳಿಗೆ ಎಲ್ಲಾ ಹೇಳಿದೆ. ಪರೈ ಬಾರಿಸೋ ವಿಡಿಯೋ ಹುಡುಕ್ಕೊಂಡು ನೋಡ್ತಾಳೆ ಈಗ."

ಅಕ್ಕನಿಗೆ ನಾನು ಏನೂ ಹೇಳಿರಲಿಲ್ಲ ಎಂದು ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನಂಬಿದೀನಿ. ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಇನ್ನು ಮುಂದೆ ನಿಮಗೆ ಏನನ್ನೂ ಹೇಳಲ್ಲ. ಬೇಜಾರು ಮಾಡ್ಕೋಬೇಡಿ."

ಆಗಲಿ ಎಂದೆ. ಆಮೇಲೆ ಅವರ ನಿಲ್ದಾಣ ಬರುವವರೆಗೆ ಈ ಸಲದ ಚಳಿಯ ಬಗ್ಗೆ, ರೈಲುಗಳು ತಡವಾಗುತ್ತಿರುವುದರ ಬಗ್ಗೆ, ಮಕ್ಕಳಿಗೆ ಒಳ್ಳೆಯ ಬೂಟು ಎಲ್ಲಿ ಸಿಗುತ್ತದೆ ಎಂಬುದರ ಬಗ್ಗೆ ಮಾತಾಡಿದೆವು.